ಹಗುರ ರಚನೆ, ಕಡಿಮೆ ಲೋಹ: ಲೆಕ್ಕದಿಂದ ಕತ್ತರಿಯವರೆಗೆ ಡಿಜಿಟಲ್ ಸಲಕರಣೆಗಳ ಸಮಗ್ರ ಮಾರ್ಗದರ್ಶಿ

ಒಂದು ಬಿಡಿಭಾಗ ಹಗುರವಾಗಿದೆ ಎಂದ ಮಾತ್ರಕ್ಕೆ ಅದಕ್ಕೆ ಕಡಿಮೆ ಲೋಹ ಖರ್ಚಾಗಿದೆ ಎಂದು ಹೇಳಲಾಗದು. 150 ಗ್ರಾಂ ತೂಗುವ ಅಲ್ಯೂಮಿನಿಯಂ ಬ್ರಾಕೆಟ್ಟನ್ನು 210×45×45 ಮಿ.ಮೀ. ಗಟ್ಟಿ ತುಂಡಿನಿಂದ ಮಿಲ್ಲಿಂಗ್ ಮಾಡಿ ತೆಗೆದರೆ, ಕೊಂಡ ಲೋಹ 1,148 ಗ್ರಾಂ. ಸುಮಾರು ಒಂದು ಕಿಲೋ ತುರಿಯಾಗಿ ಯಂತ್ರದ ಕೆಳಗೆ ಬಿತ್ತು. ವಿಮಾನ ತಯಾರಿಕೆಯಲ್ಲಿ ಕೊಂಡ ತೂಕಕ್ಕೂ ಹಾರುವ ತೂಕಕ್ಕೂ ಇರುವ ಈ ಲೆಕ್ಕವನ್ನು ಬೈ-ಟು-ಫ್ಲೈ ಅನುಪಾತ ಎನ್ನುತ್ತಾರೆ. ಗಟ್ಟಿ ಬ್ಲಾಕಿನಿಂದ ಕೊರೆದು ತೆಗೆದ ಭಾಗಗಳಲ್ಲಿ ಅದು ಹತ್ತನ್ನು ದಾಟುವುದು ಅಪರೂಪವೇನಲ್ಲ.

ಆದ್ದರಿಂದ ಮೊದಲಿನಿಂದಲೂ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಬರೆದಿಡಬೇಕು: ಭಾಗದ ತೂಕ, ಕೊಂಡ ತೂಕ. ಸಿಮ್ಯುಲೇಶನ್ನು, ಆಪ್ಟಿಮೈಸೇಶನ್ನು ಎಲ್ಲವೂ ಮೊದಲನೆಯದನ್ನು ಇಳಿಸುತ್ತವೆ. ಎರಡನೆಯದು ಇಳಿಯುವುದು ನೆಸ್ಟಿಂಗಿನಲ್ಲಿ (ತಗಡಿನ ಮೇಲೆ ಭಾಗಗಳನ್ನು ಒತ್ತೊತ್ತಾಗಿ ಹೊಂದಿಸುವುದರಲ್ಲಿ), ಪೈಪಿನ ಉದ್ದ ಆರಿಸುವಲ್ಲಿ, ಡ್ರಾಯಿಂಗಿಗೆ ಸಹಿ ಬೀಳುವ ಮೊದಲು ಏಳು ಮಿಲಿಮೀಟರ್ ಬಿಟ್ಟುಕೊಡುವಲ್ಲಿ. ಆ ಏಳು ಮಿಲಿಮೀಟರಿನ ಲೆಕ್ಕ ಮುಂದೆ ಬರುತ್ತದೆ.

ಬೇಕಾಗುವ ಸಾಫ್ಟ್‌ವೇರ್

ಸಾಮಾನ್ಯ ಲ್ಯಾಪ್‌ಟಾಪು ಸಾಕು, ಎಲ್ಲವೂ ಉಚಿತವಾಗಿ ಸಿಗುತ್ತವೆ. ಮಾದರಿ ಬಿಡಿಸಲು ಫ್ರೀಕ್ಯಾಡ್. ಬಲದ ವಿಶ್ಲೇಷಣೆಗೆ ಕ್ಯಾಲ್ಕ್ಯುಲಿಕ್ಸ್ ಎಂಬ ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ಸಾಫ್ಟ್‌ವೇರ್. ಅದಕ್ಕೆ ಮುಖವಾಗಿ ಪ್ರೀಪೋಮ್ಯಾಕ್ಸ್ ಅಥವಾ ಫ್ರೀಕ್ಯಾಡಿನ ಫೆಮ್ ವಿಭಾಗ. ಟೊಪಾಲಜಿ ಆಪ್ಟಿಮೈಸೇಶನ್ನಿಗೆ (ಲೋಹ ಎಲ್ಲಿರಬೇಕು, ಎಲ್ಲಿ ಬೇಡ ಎಂದು ಕಂಡುಹಿಡಿಯಲು) ಕ್ಯಾಲ್ಕ್ಯುಲಿಕ್ಸ್ ಜೊತೆ ಓಡುವ ಬೀಸೊ ಎಂಬ ಪೈಥಾನ್ ಸ್ಕ್ರಿಪ್ಟು. ತಗಡಿನ ಮೇಲೆ ಭಾಗಗಳನ್ನು ಹೊಂದಿಸಲು ಡೀಪ್‌ನೆಸ್ಟ್. 3ಡಿ ಪ್ರಿಂಟಿಂಗ್ ಇದ್ದರೆ ಮಾದರಿಯನ್ನು ಪದರಗಳಾಗಿ ಸೀಳುವ ಒಂದು ಸ್ಲೈಸರು. ಕೊನೆಗೆ ಒಂದು ಸ್ಪ್ರೆಡ್‌ಶೀಟು. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ.

ಹಂತ 1: ಹೊರೆಯ ಪಟ್ಟಿ

ಮಾದರಿ ಬಿಡಿಸುವ ಮೊದಲೇ ಯಾವ ಬಲ, ಎಲ್ಲಿ, ಯಾವ ದಿಕ್ಕಿನಲ್ಲಿ ಎಂದು ಬರೆದುಕೊಳ್ಳಿ. ಇಲ್ಲಿ ಉದಾಹರಣೆಗೆ ಗೋಡೆಗೆ ಬಿಗಿಯುವ 200 ಮಿ.ಮೀ. ತೋಳನ್ನು ತೆಗೆದುಕೊಳ್ಳೋಣ. ತುದಿಯಲ್ಲಿ ಕೆಳಮುಖವಾಗಿ 600 ನ್ಯೂಟನ್, ತುದಿ 1 ಮಿ.ಮೀ.ಗಿಂತ ಹೆಚ್ಚು ಬಾಗಬಾರದು. ಇಷ್ಟಕ್ಕೇ ನಿಲ್ಲಿಸಬೇಡಿ. ಯಾರಾದರೂ ಪಕ್ಕದಿಂದ ತಳ್ಳಿದರೆ? ಕೆಳಗಿನಿಂದ ಎತ್ತಿದರೆ? ಅಡ್ಡಬಲ 100 ನ್ಯೂಟನ್, ಮೇಲ್ಮುಖ ಬಲ 150 ನ್ಯೂಟನ್ ಎಂದು ಪಟ್ಟಿಗೆ ಸೇರಿಸಿ. ಕಂಪ್ಯೂಟರಿಗೆ ಹೇಳದ ಹೊರೆಯನ್ನು ಅದು ಊಹಿಸುವುದಿಲ್ಲ. ಕೆಳಮುಖ ಬಲವೊಂದನ್ನೇ ಕೊಟ್ಟು ಆಪ್ಟಿಮೈಸ್ ಮಾಡಿದ ಭಾಗ ಆ ಒಂದು ದಿಕ್ಕಿಗೆ ಸೊಗಸಾಗಿ ನಿಲ್ಲುತ್ತದೆ, ಪಕ್ಕಕ್ಕೆ ಕೈ ತಗುಲಿದರೆ ವಾಲುತ್ತದೆ.

ಹಂತ 2: ಕೈಲೆಕ್ಕ

ಇದನ್ನು ಬಿಟ್ಟು ನೇರ ಸಿಮ್ಯುಲೇಶನ್ನಿಗೆ ಹಾರುವವರೇ ಹೆಚ್ಚು. ಆದರೆ ತೂಕ ಅತಿ ಹೆಚ್ಚು ಇಳಿಯುವುದು ಇಲ್ಲೇ. ಒಂದು ತುದಿ ಬಿಗಿದ ತೋಳಿನ ಬಾಗು ಎಷ್ಟು ಎಂದರೆ: ಬಲ ಗುಣಿಸು ಉದ್ದದ ಘನ, ಅದನ್ನು ಭಾಗಿಸು 3 ಗುಣಿಸು ಯಂಗ್ಸ್ ಮಾಡ್ಯುಲಸ್ (ಲೋಹದ ಬಿಗಿತದ ಅಳತೆ) ಗುಣಿಸು ಅಡ್ಡಕೊಯ್ತದ ಜಡತ್ವ ಮೊಮೆಂಟು (ಅಡ್ಡಕೊಯ್ತದ ಆಕಾರ ಬಾಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ). 6061-ಟಿ6 ಅಲ್ಯೂಮಿನಿಯಂಗೆ ಮಾಡ್ಯುಲಸ್ 69,000 ಮೆಗಾಪಾಸ್ಕಲ್, ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ, ಯೀಲ್ಡ್ (ಲೋಹ ಮರಳಿ ಬಾರದಂತೆ ಬಾಗಲು ತೊಡಗುವ ಒತ್ತಡ) ಸುಮಾರು 276 ಮೆಗಾಪಾಸ್ಕಲ್. ನಾಲ್ಕು ಅಡ್ಡಕೊಯ್ತಗಳಿಗೆ ಲೆಕ್ಕ ಹಾಕಿದರೆ ಸಿಗುವುದು ಇದು:

- 40×20 ಗಟ್ಟಿ ಪಟ್ಟಿ, ಅಡ್ಡ ಮಲಗಿಸಿ (ಎತ್ತರ 20): 432 ಗ್ರಾಂ, ಬಾಗು 0.87 ಮಿ.ಮೀ., ಬುಡದಲ್ಲಿ ಒತ್ತಡ 45 ಮೆಗಾಪಾಸ್ಕಲ್
- 40×40 ಚೌಕ ಪೈಪು, ಗೋಡೆ 2 ಮಿ.ಮೀ.: 164 ಗ್ರಾಂ, 0.32 ಮಿ.ಮೀ., 33 ಮೆಗಾಪಾಸ್ಕಲ್
- ಅದೇ ಪೈಪು, ಗೋಡೆ 1 ಮಿ.ಮೀ.: 84 ಗ್ರಾಂ, 0.59 ಮಿ.ಮೀ., 61 ಮೆಗಾಪಾಸ್ಕಲ್
- ಅದೇ ಪೈಪು, ಗೋಡೆ 0.8 ಮಿ.ಮೀ.: 68 ಗ್ರಾಂ, 0.72 ಮಿ.ಮೀ., 75 ಮೆಗಾಪಾಸ್ಕಲ್

ಗಟ್ಟಿ ಪಟ್ಟಿಯಿಂದ ಪೈಪಿಗೆ ಬಂದ ಒಂದೇ ಹೆಜ್ಜೆಗೆ ತೂಕ ಐದನೇ ಒಂದು ಭಾಗಕ್ಕೆ ಇಳಿಯಿತು, ಯಾವ ಸಾಫ್ಟ್‌ವೇರೂ ಇಲ್ಲದೆ. ಹಾಗಾದರೆ 0.8ನ್ನೇ ಆರಿಸಬಹುದಲ್ಲ, ಯೀಲ್ಡಿಗೆ ಇನ್ನೂ 3.7 ಪಟ್ಟು ಅಂತರ ಇದೆಯಲ್ಲ? ಇಲ್ಲೇ ಹಗುರ ರಚನೆಗಳು ಕೈಕೊಡುವುದು. ತೆಳು ಗೋಡೆ ಯೀಲ್ಡ್ ಆಗುವ ಮೊದಲೇ ಅದುಮುವ ಬದಿಯಲ್ಲಿ ಸುಕ್ಕುಗಟ್ಟುತ್ತದೆ. ಇದು ಬಕ್ಲಿಂಗು. ಚಪ್ಪಟೆ ಗೋಡೆಯ ಬಕ್ಲಿಂಗ್ ಒತ್ತಡ, ದಪ್ಪ ಮತ್ತು ಅಗಲದ ಅನುಪಾತದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕ ಹಾಕಿದರೆ 2 ಮಿ.ಮೀ. ಗೋಡೆಗೆ ಅದು ಸುಮಾರು 786, 1 ಮಿ.ಮೀ.ಗೆ 176, 0.8ಕ್ಕೆ 110 ಮೆಗಾಪಾಸ್ಕಲ್. ಅಂದರೆ ಕೊನೆಯ ಪೈಪಿಗೆ ಇರುವ ನಿಜವಾದ ಅಂತರ ಒಂದೂವರೆ ಪಟ್ಟು ಮಾತ್ರ. ಸಾಗಣೆಯಲ್ಲಿ ಒಂದು ಸಣ್ಣ ನೆಗ್ಗು ಬಿದ್ದರೂ ಅದು ಕರಗುತ್ತದೆ. 1 ಮಿ.ಮೀ. ಗೋಡೆಗೆ 2.9 ಪಟ್ಟು ಉಳಿಯುತ್ತದೆ. ಹದಿನಾರು ಗ್ರಾಂ ಆಸೆಗೆ ಅರ್ಧ ಭದ್ರತೆ ಕೊಡುವುದು ಒಳ್ಳೆಯ ವ್ಯಾಪಾರವಲ್ಲ.

ಲೋಹ ಬದಲಿಸಿದರೆ ಹಗುರವಾದೀತೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಉಕ್ಕು, ಅಲ್ಯೂಮಿನಿಯಂ, ಟೈಟಾನಿಯಂ ಮೂರರಲ್ಲೂ ಮಾಡ್ಯುಲಸ್ಸನ್ನು ಸಾಂದ್ರತೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತದೆ. ನೇರ ಎಳೆತಕ್ಕೆ ಮೂರೂ ಒಂದೇ. ಬಾಗುವ ಹಲಗೆಯಲ್ಲಿ ಮಾತ್ರ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, ಅದೇ ತೂಕಕ್ಕೆ ಹೆಚ್ಚು ದಪ್ಪ ಸಿಗುವ ಅಲ್ಯೂಮಿನಿಯಂ ಗೆಲ್ಲುತ್ತದೆ.

ಹಂತ 3: ಸಿಮ್ಯುಲೇಶನ್

ಕ್ಯಾಲ್ಕ್ಯುಲಿಕ್ಸ್‌ಗೆ ಅಳತೆಯ ಮಾನ ಎಂಬುದೇ ಗೊತ್ತಿಲ್ಲ. ನೀವು ಕೊಟ್ಟ ಸಂಖ್ಯೆಗಳನ್ನು ಹಾಗೇ ಗುಣಿಸುತ್ತದೆ. ಮಿ.ಮೀ., ನ್ಯೂಟನ್, ಮೆಗಾಪಾಸ್ಕಲ್ ಬಳಸುವಾಗ ದ್ರವ್ಯರಾಶಿ ಟನ್ನಿನಲ್ಲಿರಬೇಕು. ಅಲ್ಯೂಮಿನಿಯಂ ಸಾಂದ್ರತೆ 2.7×10⁻⁹, ಗುರುತ್ವ 9,810. ಕಿಲೋಗ್ರಾಂ ಲೆಕ್ಕದ 2.7×10⁻⁶ ತುಂಬಿದರೆ ಸ್ವಂತ ತೂಕ ಸಾವಿರ ಪಟ್ಟಾಗುತ್ತದೆ, ಸಹಜ ಕಂಪನದ ಆವರ್ತನ ಸುಮಾರು 32 ಪಟ್ಟು ಕುಸಿಯುತ್ತದೆ. ಫಲಿತಾಂಶ ವಿಚಿತ್ರವಾಗಿ ಕಂಡಾಗ ಮೊದಲು ನೋಡಬೇಕಾದ ಸಾಲು ಇದು.

ಎಲಿಮೆಂಟಿನ, ಅಂದರೆ ಲೆಕ್ಕಕ್ಕಾಗಿ ಮಾದರಿಯನ್ನು ಒಡೆದ ಚಿಕ್ಕ ತುಂಡಿನ, ಆಯ್ಕೆ ಅದಕ್ಕಿಂತ ಮುಖ್ಯ. ನಾಲ್ಕು ಮೂಲೆಯ ಟೆಟ್ರಾ, ಅಂದರೆ ಸಿ3ಡಿ4, ಬಾಗುವಿಕೆಯಲ್ಲಿ ವಿಪರೀತ ಬಿಗಿಯಾಗಿ ವರ್ತಿಸುತ್ತದೆ. ಭಾಗ ಬಾಗುವುದಕ್ಕಿಂತ ಕಡಿಮೆ ಬಾಗಿದಂತೆ ತೋರಿಸಿ ಮೋಸ ಮಾಡುತ್ತದೆ. ಹತ್ತು ನೋಡಿನ (ಲೆಕ್ಕದ ಬಿಂದುವಿನ) ಸಿ3ಡಿ10 ಬಳಸಿ. 1 ಮಿ.ಮೀ. ಗೋಡೆಯ ಪೈಪಿಗಂತೂ ಘನ ಎಲಿಮೆಂಟು ಬೇಡವೇ ಬೇಡ, ನಡುಮೇಲ್ಮೈ ತೆಗೆದು ಶೆಲ್ ಎಲಿಮೆಂಟು (ದಪ್ಪವನ್ನು ಸಂಖ್ಯೆಯಾಗಿ ಕೊಡುವ ಹಾಳೆಯಂಥದ್ದು) ಹಾಕಿ. ಮೆಶ್ಶನ್ನು (ಎಲಿಮೆಂಟುಗಳ ಬಲೆಯನ್ನು) 8 ಮಿ.ಮೀ., 4 ಮಿ.ಮೀ., 2 ಮಿ.ಮೀ. ಎಂದು ಮೂರು ಸಲ ಓಡಿಸಿ. ಕೊನೆಯ ಎರಡರ ನಡುವೆ ಬಾಗು ಶೇ 2ಕ್ಕಿಂತ ಕಡಿಮೆ ಬದಲಾದರೆ ಅಲ್ಲಿಗೆ ಸಾಕು. ಒಳಮೂಲೆಯ ಒತ್ತಡ ಮಾತ್ರ ಮೆಶ್ ಚಿಕ್ಕದಾದಷ್ಟೂ ಏರುತ್ತಲೇ ಹೋಗುತ್ತದೆ. ಅದು ಲೋಹದ ದೋಷವಲ್ಲ. ಚೂಪು ಮೂಲೆಯಲ್ಲಿ ಗಣಿತಕ್ಕೆ ತಳವೇ ಇಲ್ಲ. ಆ ಕೆಂಪು ಚುಕ್ಕೆ ಕಂಡು ಗಾಬರಿಯಾಗಿ ಗೋಡೆ ದಪ್ಪ ಮಾಡುವ ಬದಲು 2–3 ಮಿ.ಮೀ. ಫಿಲೆಟ್ (ಮೂಲೆಯ ದುಂಡು ತಿರುವು) ಹಾಕಿ ಮತ್ತೆ ಓಡಿಸಿ.

ಕೈಲೆಕ್ಕ 0.59 ಎಂದಿತ್ತು. ಸಿಮ್ಯುಲೇಶನ್ 0.6ರ ಆಸುಪಾಸಿನಲ್ಲಿ ಬಂದರೆ ನಂಬಬಹುದು. 0.06 ಅಥವಾ 6 ಬಂದರೆ ಎಲ್ಲೋ ಸೊನ್ನೆ ತಪ್ಪಿದೆ. ಬಳಿಕ ಬಕ್ಲಿಂಗ್ ವಿಶ್ಲೇಷಣೆಯನ್ನೂ ಓಡಿಸಿ, ಬಂದ ಗುಣಕ (ಹೊರೆ ಎಷ್ಟು ಪಟ್ಟಾದರೆ ಗೋಡೆ ಸುಕ್ಕುಗಟ್ಟುತ್ತದೆ ಎಂಬ ಸಂಖ್ಯೆ) 2ಕ್ಕಿಂತ ಕಡಿಮೆಯಿದ್ದರೆ ಒಪ್ಪಬೇಡಿ. ರೇಖೀಯ ಬಕ್ಲಿಂಗ್ ಲೆಕ್ಕ ಕೊಂಕಿಲ್ಲದ ಗೋಡೆಯನ್ನು ಊಹಿಸುತ್ತದೆ. ದುಂಡು ಪೈಪಿನ ನೇರ ಅದುಮುವಿಕೆಯಲ್ಲಿ ಈ ಊಹೆ ತೀರಾ ಅಪಾಯಕಾರಿ. ಅಲ್ಲಿ ನಿಜವಾದ ಕುಸಿತ ಲೆಕ್ಕಕ್ಕಿಂತ ಬಹಳ ಕೆಳಗಿರಬಹುದು.

ಬೆಸುಗೆ ಇದೆಯೇ? 6061-ಟಿ6ರಲ್ಲಿ ಬೆಸುಗೆಯ ಸುತ್ತ ಶಾಖ ತಗುಲಿದ ಪಟ್ಟೆಯಲ್ಲಿ ಯೀಲ್ಡ್ ಸುಮಾರು ಅರ್ಧಕ್ಕೆ ಬೀಳುತ್ತದೆ, ಬಿಗಿತ ಮಾತ್ರ ಹಾಗೇ ಇರುತ್ತದೆ. ಸಿಮ್ಯುಲೇಶನ್ನಿನ ಚಿತ್ರದಲ್ಲಿ ಇದು ತಾನಾಗಿ ಕಾಣದು. ಆ ಪಟ್ಟೆಗೆ ಬೇರೆ ಮಿತಿ ಇಟ್ಟು ನೀವೇ ನೋಡಬೇಕು.

ಹಂತ 4: ಟೊಪಾಲಜಿ ಆಪ್ಟಿಮೈಸೇಶನ್, ಬೇಕಿದ್ದಾಗ ಮಾತ್ರ

ಬೆಂಡ್ಸೊ ಮತ್ತು ಕಿಕುಚಿ 1988ರಲ್ಲಿ ಕಂಪ್ಯೂಟರಿಗೆ ಒಗ್ಗುವಂತೆ ರೂಪಿಸಿದ ವಿಧಾನದಿಂದ ಬೆಳೆದದ್ದು ಇದು. ಕೊಟ್ಟ ಜಾಗದಲ್ಲಿ ಲೋಹ ಎಲ್ಲಿರಬೇಕು, ಎಲ್ಲಿ ಬೇಡ ಎಂದು ಕೇಳಿದರೆ ಮೂಳೆಯಂಥ ಆಕಾರ ಬಿಡಿಸಿ ತೋರಿಸುತ್ತದೆ. ನೇರ ತೋಳಿಗೆ ಇದರ ಅಗತ್ಯವಿಲ್ಲ, ಪೈಪು ಸಾಕು. ಹೊರೆಗಳು ಹಲವು ದಿಕ್ಕಿನಿಂದ ಬರುವಾಗ, ಜಾಗ ವಕ್ರವಾಗಿರುವಾಗ ಪ್ರಯೋಜನಕ್ಕೆ ಬರುತ್ತದೆ.

ಮಾಡುವ ಕ್ರಮ: 200×80×40 ಮಿ.ಮೀ.ಯ ಪೂರ್ತಿ ಜಾಗವನ್ನು ಗಟ್ಟಿ ಬ್ಲಾಕಾಗಿ ಬಿಡಿಸಿ. ಬೋಲ್ಟಿನ ತೂತಿನ ಸುತ್ತ 4 ಮಿ.ಮೀ. ಉಂಗುರವನ್ನು ಮುಟ್ಟಬಾರದ ಭಾಗವೆಂದು ಗುರುತಿಸಿ. 2 ಮಿ.ಮೀ. ಮೆಶ್ ಹಾಕಿದರೆ 80,000 ಎಲಿಮೆಂಟು, ಲ್ಯಾಪ್‌ಟಾಪು ತಡೆದುಕೊಳ್ಳುತ್ತದೆ. ಮೊದಲ ಹಂತದ ಮೂರೂ ಹೊರೆಗಳನ್ನು ಕೊಡಿ. ಫಿಲ್ಟರ್ ತ್ರಿಜ್ಯ (ಅಕ್ಕಪಕ್ಕದ ಎಲಿಮೆಂಟುಗಳ ಫಲಿತಾಂಶವನ್ನು ಸರಾಸರಿ ಮಾಡುವ ದೂರ) ಎಲಿಮೆಂಟಿನ ಎರಡರಿಂದ ಮೂರು ಪಟ್ಟು, ಇಲ್ಲಿ 5 ಮಿ.ಮೀ. ಇದನ್ನು ಮರೆತರೆ ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಎಲಿಮೆಂಟು ಉಳಿಯುತ್ತದೆ. ಗಣಿತಕ್ಕೆ ಅದು ಬಿಗಿ, ಯಂತ್ರಕ್ಕೆ ಅದು ಪುಡಿ. ಸಿಂಪ್ ವಿಧಾನದ (ಪ್ರತಿ ಎಲಿಮೆಂಟಿಗೂ 0ರಿಂದ 1ರ ನಡುವಿನ ಸಾಂದ್ರತೆ ಕೊಡುವ) ಸಾಫ್ಟ್‌ವೇರಾದರೆ ಪೆನಾಲ್ಟಿ 3 ಇಡಿ, ಇಲ್ಲದಿದ್ದರೆ ಅರ್ಧ ಲೋಹ ಅರ್ಧ ಗಾಳಿ ಎಂಬಂಥ ಬೂದು ಭಾಗಗಳೇ ತುಂಬಿಕೊಳ್ಳುತ್ತವೆ.

ಉಳಿಯಬೇಕಾದ ಲೋಹ ಎಷ್ಟೆಂದು ಒಂದೇ ಸಲ ನಿರ್ಧರಿಸಬೇಡಿ. ಶೇ 50, 40, 30, 20 ಎಂದು ನಾಲ್ಕು ಸಲ ಓಡಿಸಿ, ಪ್ರತಿಯೊಂದರ ಬಾಗನ್ನೂ ಸ್ಪ್ರೆಡ್‌ಶೀಟಿನಲ್ಲಿ ಗೆರೆಯಾಗಿ ಬಿಡಿಸಿ. ಗೆರೆ ಎಲ್ಲಿ ಥಟ್ಟನೆ ಮೇಲೇಳುತ್ತದೋ ಅದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿ.

ಬಂದ, ಮೇಲ್ಮೈಯನ್ನು ತ್ರಿಕೋನಗಳಿಂದ ಕಟ್ಟಿದ ಒರಟು ಎಸ್‌ಟಿಎಲ್ ಕಡತವನ್ನು ಹಾಗೇ ಯಂತ್ರಕ್ಕೆ ಕಳಿಸುವುದು ದೊಡ್ಡ ತಪ್ಪು. ಅದನ್ನು ಫ್ರೀಕ್ಯಾಡಿನಲ್ಲಿ ಹಿನ್ನೆಲೆಯಾಗಿಟ್ಟು, ಅದರ ಮೇಲೆ ಗೆರೆ, ಚಾಪ, ಫಿಲೆಟ್ಟುಗಳಿಂದ ಹೊಸದಾಗಿ ಮಾದರಿ ಬಿಡಿಸಿ, ಹಂತ 3ನ್ನು ಮತ್ತೊಮ್ಮೆ ಮಾಡಿ. ಬಹುಪಾಲು ಬ್ರಾಕೆಟ್ಟುಗಳಿಗೆ ಈ ಮೂಳೆ ಚಿತ್ರ ಹೇಳುವುದು ಒಂದೇ ಮಾತು: ಲೋಹವನ್ನು ಕರ್ಣದ ಮೇಲೆ ಇಡು. ತಗಡಿನ ಭಾಷೆಯಲ್ಲಿ ಅದು ತ್ರಿಕೋನ.

ಹಂತ 5: ತಗಡಿನ ನೆಸ್ಟಿಂಗ್

ಅದೇ ಬ್ರಾಕೆಟ್ಟನ್ನು ಎರಡು ತ್ರಿಕೋನ ತಗಡುಗಳಿಂದ, ನಡುವೆ ಸ್ಪೇಸರ್ (ಅಂತರ ಕಾಯುವ ತುಂಡು) ಇಟ್ಟು ಮಾಡೋಣ. ಪ್ರತಿ ತಗಡು 2 ಮಿ.ಮೀ. ದಪ್ಪ, ಲಂಬಕೋನದ ಬದಿಗಳು 210 ಮತ್ತು 150. ಅದುಮುವ ಬಲ ಬೀಳುವ ಕರ್ಣದ ಅಂಚು ಬಕ್ಲ್ ಆಗದಂತೆ ಕರ್ಣದ ಮಧ್ಯಕ್ಕೂ ಒಂದು ಸ್ಪೇಸರ್ ಬೇಕು. ಕತ್ತರಿಸುವ ಶೀಟು 1250×2500. ಅಂಚಿನಲ್ಲಿ 10 ಮಿ.ಮೀ., ಭಾಗಗಳ ನಡುವೆ 5 ಮಿ.ಮೀ. ಬಿಡೋಣ.

ಒಂದೊಂದು ತ್ರಿಕೋನಕ್ಕೂ ಒಂದು ಆಯತ ಎಂದು ಸಾಲಾಗಿ ಇಟ್ಟರೆ 80 ಭಾಗ, ಶೀಟಿನ ಬಳಕೆ ಶೇ 40. ಎರಡು ತ್ರಿಕೋನಗಳನ್ನು 180 ಡಿಗ್ರಿ ತಿರುಗಿಸಿ ಬೆನ್ನಿಗೆ ಬೆನ್ನು ಕೊಟ್ಟರೆ, ಕರ್ಣಗಳ ನಡುವೆ 5 ಮಿ.ಮೀ. ಸಂದು ಬಿಟ್ಟು 218.6×150ರ ಜೋಡಿಯಾಗುತ್ತದೆ. ಅಗಲಕ್ಕೆ 5, ಉದ್ದಕ್ಕೆ 16, ಒಟ್ಟು 80 ಜೋಡಿ, 160 ಭಾಗ. ಬಳಕೆ ಶೇ 80ರಷ್ಟು. ಇಷ್ಟನ್ನು ಡೀಪ್‌ನೆಸ್ಟ್ ತಾನೇ ಕಂಡುಹಿಡಿಯುತ್ತದೆ.

ಅದು ಕಂಡುಹಿಡಿಯಲಾರದ್ದು ಒಂದಿದೆ. ಜೋಡಿಯನ್ನು ಇನ್ನೊಂದು ದಿಕ್ಕಿಗೆ ಇಟ್ಟರೆ ಅಗಲದಲ್ಲಿ ಏಳೇ ಕೂರುತ್ತವೆ, ಬರುವುದು 154 ಭಾಗ, ಪಕ್ಕದಲ್ಲಿ ನೂರು ಮಿ.ಮೀ.ಗೂ ಮಿಕ್ಕಿದ ಪಟ್ಟಿ ಸುಮ್ಮನೆ ಉಳಿಯುತ್ತದೆ. 150ರ ಬದಿಯನ್ನು 143ಕ್ಕೆ ಇಳಿಸಿ ನೋಡಿ: ಅಗಲಕ್ಕೆ 8, ಉದ್ದಕ್ಕೆ 11, ಒಟ್ಟು 88 ಜೋಡಿ, 176 ಭಾಗ. ಅದೇ ಶೀಟಿನಲ್ಲಿ ಹದಿನಾರು ಹೆಚ್ಚು. ನೆಸ್ಟಿಂಗ್ ಸಾಫ್ಟ್‌ವೇರಿಗೆ ಭಾಗದ ಅಳತೆ ಬದಲಿಸುವ ಅಧಿಕಾರವಿಲ್ಲ, ಡ್ರಾಯಿಂಗ್ ಮಾಡುವವರಿಗಿದೆ. ಆದ್ದರಿಂದ ಡ್ರಾಯಿಂಗು ಮುಗಿದ ಮೇಲೆ ನೆಸ್ಟಿಂಗ್ ಎಂಬ ರೂಢಿಯನ್ನು ಕೈಬಿಟ್ಟು, ಬೋಲ್ಟಿನ ತೂತುಗಳ ಜಾಗ ಗಟ್ಟಿಯಾಗುವ ಮೊದಲೇ ಒಮ್ಮೆ ನೆಸ್ಟ್ ಮಾಡಿ ನೋಡಬೇಕು. 143ರ ಭಾಗಕ್ಕೆ ಬಲದ ಲೆಕ್ಕ ಮತ್ತೆ ಮಾಡಬೇಕೆಂಬುದು ಬೇರೆ ಹೇಳಬೇಕಿಲ್ಲ.

ಎಡವುವ ಜಾಗಗಳು. ತಗಡಿಗೆ ಉರುಳಿಸಿದ ದಿಕ್ಕು ಇರುತ್ತದೆ, ಮರಕ್ಕೆ ನಾರು ಇದ್ದ ಹಾಗೆ. ಬೆಂಡ್ ಗೆರೆ ಆ ದಿಕ್ಕಿಗೆ ಸಮಾನಾಂತರವಾದರೆ ಬಿರುಕು ಬಿಡುವ ಸಂಭವ ಹೆಚ್ಚು. ಬೆಂಡ್ ಇರುವ ಭಾಗಗಳಿಗೆ ಡೀಪ್‌ನೆಸ್ಟಿನಲ್ಲಿ ತಿರುಗುವಿಕೆಯನ್ನು 2 ಎಂದು ಇಡಿ, ಆಗ 0 ಮತ್ತು 180 ಡಿಗ್ರಿ ಮಾತ್ರ ಬಳಕೆಯಾಗುತ್ತದೆ. ಎಸ್‌ವಿಜಿ ಕಡತದಲ್ಲಿ ಅಳತೆ ಕೆಡುವುದು ಸಾಮಾನ್ಯ: ಇಂಕ್‌ಸ್ಕೇಪಿನ ಹಳೆಯ ಆವೃತ್ತಿಗಳು ಇಂಚಿಗೆ 90 ಬಿಂದು ಎಣಿಸಿದರೆ ಹೊಸವು 96 ಎಣಿಸುತ್ತವೆ, ವ್ಯತ್ಯಾಸ ಶೇ 6.7. ಪ್ರತಿ ಕಡತದಲ್ಲೂ 100 ಮಿ.ಮೀ. ಚೌಕವೊಂದನ್ನು ಸಾಕ್ಷಿಗೆ ಇಡಿ. ಸ್ಪ್ಲೈನ್ (ಮುಕ್ತ ವಕ್ರ) ಗೆರೆಗಳು ನೂರಾರು ಚೂರು ಗೆರೆಗಳಾಗಿ ಒಡೆದು ನೆಸ್ಟಿಂಗನ್ನೂ ಲೇಸರನ್ನೂ ನಿಧಾನ ಮಾಡುತ್ತವೆ, ಚಾಪಗಳಿಂದಲೇ ಬಿಡಿಸಿ. ಚಿಕ್ಕ ಭಾಗಗಳು ಕತ್ತರಿಸಿದ ಕೂಡಲೇ ಓರೆಯಾಗಿ ಎದ್ದು ಲೇಸರ್ ತಲೆಗೆ ಬಡಿಯದಂತೆ ಕತ್ತರಿಸದ ಸಣ್ಣ ಕೊಂಡಿ ಉಳಿಸಿ.

ಬೆಂಡ್ ಇದ್ದರೆ ಮೊದಲು ಲೋಹ ಬದಲಿಸಿ. 6061-ಟಿ6 ಬಿಗಿ ತ್ರಿಜ್ಯಕ್ಕೆ ಬಿರಿಯುತ್ತದೆ, 5052-ಎಚ್32 ಸಲೀಸಾಗಿ ಬಗ್ಗುತ್ತದೆ. ಕೆ-ಫ್ಯಾಕ್ಟರನ್ನು (ಬಗ್ಗಿಸುವಾಗ ಉದ್ದ ಬದಲಾಗದ ಪದರ ದಪ್ಪದ ಎಷ್ಟನೇ ಭಾಗದಲ್ಲಿದೆ ಎಂಬ ಸಂಖ್ಯೆ) ಪಟ್ಟಿಯಿಂದ ನೋಡಿ ತುಂಬುವ ಬದಲು ನಿಮ್ಮದೇ ಯಂತ್ರದಲ್ಲಿ ಅಳೆಯಿರಿ. 2 ಮಿ.ಮೀ. ತಗಡಿನ 100 ಮಿ.ಮೀ. ಪಟ್ಟಿಯನ್ನು ಮಧ್ಯದಲ್ಲಿ 90 ಡಿಗ್ರಿ ಬಗ್ಗಿಸಿ, ಒಳತ್ರಿಜ್ಯ 2 ಬಂದಿದೆ ಎನ್ನಿ. ಹೊರಗಿನಿಂದ ಎರಡೂ ಕಾಲು 51.8 ಅಳೆದರೆ, ಪ್ರತಿಯೊಂದರಿಂದ ತ್ರಿಜ್ಯ ಮತ್ತು ದಪ್ಪ ಸೇರಿ 4 ಕಳೆಯಿರಿ: 47.8 ಮತ್ತು 47.8, ಒಟ್ಟು 95.6. ಉಳಿದ 4.4 ಮಿ.ಮೀ. ಬಾಗಿದ ಭಾಗದ ಉದ್ದ. ಅದನ್ನು 1.571ರಿಂದ (ರೇಡಿಯನ್ನಿನಲ್ಲಿ 90 ಡಿಗ್ರಿ) ಭಾಗಿಸಿದರೆ 2.80, ಅದರಿಂದ ತ್ರಿಜ್ಯ 2 ಕಳೆದು ದಪ್ಪ 2ರಿಂದ ಭಾಗಿಸಿದರೆ 0.40. ಅದೇ ನಿಮ್ಮ ಕೆ-ಫ್ಯಾಕ್ಟರ್. ಡೈ ಬದಲಾದರೆ ಅದೂ ಬದಲಾಗುತ್ತದೆ.

ಪೈಪು, ಪ್ರಿಂಟಿಂಗ್, ಕಾರ್ಬನ್

ಪೈಪಿನ ಲೆಕ್ಕ ಸರಳ. 6 ಮೀಟರ್ ಪೈಪಿನಲ್ಲಿ 200 ಮಿ.ಮೀ. ತುಂಡು, ಗರಗಸದ ಸೀಳು 3 ಮಿ.ಮೀ.: 29 ತುಂಡು ಬಂದು 113 ಮಿ.ಮೀ. ಉಳಿಯುತ್ತದೆ. ಬಳಕೆ ಶೇ 96.7. ಆರಂಭದ ಮಿಲ್ಲಿಂಗ್ ಬ್ರಾಕೆಟ್ಟಿನ 7.7 ಪಟ್ಟಿಗೆ ಎದುರಾಗಿ ಇಲ್ಲಿ ಕೊಂಡ ತೂಕ ಭಾಗದ ತೂಕದ 1.03 ಪಟ್ಟು. ಸೊಗಸಾದ ಆಪ್ಟಿಮೈಸ್ಡ್ ಬ್ರಾಕೆಟ್ಟುಗಳು ಸಾಧಾರಣ ಪೈಪಿನ ಮುಂದೆ ಸೋಲುವುದು ಈ ಸಾಲಿನಲ್ಲೇ.

ಪ್ಲಾಸ್ಟಿಕ್ 3ಡಿ ಪ್ರಿಂಟಿಂಗಿನಲ್ಲಿ ಬಾಗುವ ಭಾಗ ಗಟ್ಟಿಯಾಗಬೇಕಾದರೆ ಒಳತುಂಬು ಹೆಚ್ಚಿಸಬೇಡಿ, ಹೊರಗೋಡೆಗಳನ್ನು ಹೆಚ್ಚಿಸಿ. ಶೇ 15 ಗೈರಾಯ್ಡ್ (ಅಲೆಯಾಕಾರದ) ಒಳತುಂಬಿಗೆ ನಾಲ್ಕು ಗೋಡೆ, ಎರಡು ಗೋಡೆಗೆ ಶೇ 50 ಒಳತುಂಬಿಗಿಂತ ಸಾಮಾನ್ಯವಾಗಿ ಮೇಲು. ಕಾರಣ ಪೈಪಿನದ್ದೇ, ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ದುಡಿಯುವುದು ಅಂಚಿನಲ್ಲಿ. ಪದರಗಳ ನಡುವಿನ ಅಂಟು ದುರ್ಬಲವಾದ್ದರಿಂದ ಎಳೆಯುವ ಬಲ ಪದರಗಳ ಉದ್ದಕ್ಕೆ ಇರುವಂತೆ ಮಲಗಿಸಿ. 45 ಡಿಗ್ರಿಗಿಂತ ಚಾಚಿದ ಭಾಗಕ್ಕೆ ಆಸರೆ ಬೇಕಾಗುತ್ತದೆ. ಸ್ಲೈಸರು ತೋರಿಸುವ ಆಸರೆಯ ಗ್ರಾಂಗಳನ್ನೂ ಕೊಂಡ ತೂಕಕ್ಕೆ ಸೇರಿಸಿ. ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸುವ ವಿಧಾನದಲ್ಲಿ ಭಾಗವನ್ನು ತಟ್ಟೆಯಿಂದ ಕತ್ತರಿಸುವ ಮೊದಲೇ ಒತ್ತಡ ಇಳಿಸುವ ಶಾಖೋಪಚಾರ ಮುಗಿಸಬೇಕು, ಇಲ್ಲವಾದರೆ ಕತ್ತರಿಸಿದ ಕ್ಷಣವೇ ಬಿಲ್ಲಿನಂತೆ ಬಾಗುತ್ತದೆ.

ಕಾರ್ಬನ್ ಫೈಬರಿಗೆ ಒಂದೇ ಎಚ್ಚರಿಕೆ: ಪದರಗಳ ಜೋಡಣೆ ನಡುಗೆರೆಯ ಎರಡೂ ಬದಿಗೆ ಕನ್ನಡಿಯಂತಿರಲಿ. ನಾರಿನ ದಿಕ್ಕು ಡಿಗ್ರಿಯಲ್ಲಿ: 0, 45, −45, 90, ಮತ್ತೆ 90, −45, 45, 0. ಒಂದು ಪದರ ತಪ್ಪಿದರೂ ಒಲೆಯಿಂದ ಬಂದ ಹಲಗೆ ಹಪ್ಪಳದಂತೆ ಸೊಟ್ಟಗಾಗಿರುತ್ತದೆ, ಸರಿಪಡಿಸುವ ದಾರಿಯಿಲ್ಲ.

ಹಂತ 6: ಸ್ಪ್ರೆಡ್‌ಶೀಟು ಮತ್ತು ಮೊದಲ ತುಂಡು

ಪ್ರತಿ ಆಯ್ಕೆಗೂ ಒಂದು ಸಾಲು: ಭಾಗದ ತೂಕ, ಕೊಂಡ ತೂಕ, ಎರಡರ ಅನುಪಾತ, ಬಾಗು, ಬಕ್ಲಿಂಗ್ ಗುಣಕ, ಯಂತ್ರದ ನಿಮಿಷ. ಅದಿರಿನಿಂದ ತೆಗೆದ ಅಲ್ಯೂಮಿನಿಯಂಗೆ ವಿದ್ಯುದ್ವಿಭಜನೆಯೊಂದಕ್ಕೇ ಕಿಲೋಗೆ 13ರಿಂದ 15 ಯೂನಿಟ್ ವಿದ್ಯುತ್ತು ಬೇಕು. ಗುಜರಿಯಿಂದ ಮರಳಿ ಕರಗಿಸಲು ಒಟ್ಟು ಶಕ್ತಿಯ ಶೇ 5ರಷ್ಟು ಸಾಕು. ಆದರೆ 5052, 6061 ಎರಡರ ತುರಿ ಒಂದೇ ಡಬ್ಬದಲ್ಲಿ ಬಿದ್ದರೆ ಅದು ಎರಡೂ ಆಗಿ ಉಳಿಯುವುದಿಲ್ಲ, ಕೆಳದರ್ಜೆಯ ಎರಕಕ್ಕೆ ಹೋಗುತ್ತದೆ. ಡಬ್ಬಕ್ಕೆ ಮಿಶ್ರಲೋಹದ ಹೆಸರು ಬರೆದು ಅಂಟಿಸಿ. ಶೀಟಿನ ಉಳಿಕೆ ತುಂಡುಗಳನ್ನೂ ಅಳೆದು, ಅಂಚಿನ ಗೆರೆಯನ್ನು ಡಿಎಕ್ಸ್‌ಎಫ್ (ಡ್ರಾಯಿಂಗ್) ಕಡತವಾಗಿ ಉಳಿಸಿ, ತುಂಡಿನ ಮೇಲೆ ಅದೇ ಕಡತದ ಸಂಖ್ಯೆ ಬರೆಯಿರಿ. ಮುಂದಿನ ನೆಸ್ಟಿಂಗಿಗೆ ಹೊಸ ಶೀಟಿಗಿಂತ ಮೊದಲು ಅದನ್ನು ಕೊಡಬಹುದು. ಸಂಖ್ಯೆಯಿಲ್ಲದ ತುಂಡು ಮೂಲೆಯಲ್ಲಿ ಒರಗಿದ್ದು ಕೊನೆಗೆ ಗುಜರಿಗೇ ಹೋಗುತ್ತದೆ.

ಮೊದಲ ತುಂಡು ಕೈಗೆ ಬಂದಾಗ ತೂಗಿ. ಕ್ಯಾಡ್ ಹೇಳಿದ ತೂಕಕ್ಕಿಂತ ಶೇ 3ಕ್ಕಿಂತ ಹೆಚ್ಚು ಅಂತರವಿದ್ದರೆ ಗೋಡೆಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನೋಡಿ. ಬಳಿಕ ತುದಿಗೆ 61 ಕಿಲೋ ತೂಗುಹಾಕಿ ಡಯಲ್ ಗೇಜಿನಲ್ಲಿ ಬಾಗು ಅಳೆಯಿರಿ. ತೂಕದ ಕೆಳಗೆ ಕಾಲಿಡಬೇಡಿ. ಲೆಕ್ಕ 0.59 ಎಂದರೂ ಗೇಜು 1ರ ಹತ್ತಿರ ತೋರಿಸಿದರೆ ತೋಳನ್ನು ದೂರುವ ಮೊದಲು ಎರಡನೇ ಗೇಜನ್ನು ಬುಡದ ಪ್ಲೇಟಿನ ಮೇಲೆ ಇಡಿ. ಬುಡ 0.002 ರೇಡಿಯನ್ ತಿರುಗಿದರೆ ಸಾಕು, 200 ಮಿ.ಮೀ. ದೂರದ ತುದಿಯಲ್ಲಿ ಅದು 0.4 ಮಿ.ಮೀ. ಆಗುತ್ತದೆ. ಆಗ ದಪ್ಪ ಮಾಡಬೇಕಾದದ್ದು ತೋಳನ್ನಲ್ಲ, ಪ್ಲೇಟನ್ನು. ಅಥವಾ ಮೇಲಿನ ಎರಡು ಬೋಲ್ಟುಗಳನ್ನು ಇನ್ನಷ್ಟು ಮೇಲಕ್ಕೆ ಸರಿಸಿದರೂ ಆದೀತು.